ತೂಕ ಇಳಿಸುವ ಆಪರೇಷನ್: ಮುಚ್ಚಿಟ್ಟಷ್ಟೂ ಅಪಾಯ ಹೆಚ್ಚು

ನಮ್ಮ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ವಯಸ್ಸು ನಲವತ್ತಾರು. ಹೋದ ವರ್ಷ ಮಳೆಗಾಲದಲ್ಲಿ ಅವರಿಗೆ ಕಾಲು ಜೋಮು ಹಿಡಿಯುವುದು ಶುರುವಾಯಿತು. ಮೊದಲು ಬೆರಳು, ಆಮೇಲೆ ಅಂಗಾಲು. "ಚಪ್ಪಲಿ ಕಾಲಾಗಿಂದ ಕಳಚಿ ಬಿದ್ದದ್ದೂ ಗೊತ್ತಾಗಂಗಿಲ್ಲ ನೋಡಪಾ. ನಾಕ್ ಹೆಜ್ಜಿ ಹೋದ ಮ್ಯಾಲೆ ತಿರುಗಿ ನೋಡ್ತೀನಿ" ಎಂದು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದರು. ಕತ್ತಲಲ್ಲಿ ನಡೆದರೆ ತೂರಾಡುತ್ತಿದ್ದರು.

ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ನರದ ದೌರ್ಬಲ್ಯ ಅಂದರು, ಸೊಂಟದ ನರ ಒತ್ತಿದೆ ಅಂದರು, ಯಾರದೋ ಕಣ್ಣು ತಾಗಿದೆ ಅಂದರು. ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ಎರಡು ತಿಂಗಳು ನಡೆಯಿತು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡುವಾಗ ಐದು ಸಣ್ಣ ಗಾಯದ ಗುರುತು ಕಂಡು, "ಇದು ಯಾವ ಆಪರೇಷನ್?" ಎಂದು ಕೇಳಿದರು. "ಪಿತ್ತಕೋಶದ ಕಲ್ಲಿಂದ್ರಿ" ಅಂದರು ಕಾಕು. ಊರಿಗೆಲ್ಲ ಹಾಗೇ ಹೇಳಿದ್ದರು. ಹಳೆಯ ಫೈಲ್ ತನ್ನಿ ಎಂದಾಗ ಅಳುತ್ತಾ ನಿಜ ಹೇಳಿದರು. ಮೂರು ವರ್ಷದ ಹಿಂದೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ತೂಕ ಇಳಿಸಲು ಜಠರದ ಬಹುಭಾಗ ಕತ್ತರಿಸಿ ತೆಗೆಸಿಕೊಂಡಿದ್ದರು. ಆರು ತಿಂಗಳು ವಿಟಮಿನ್ ಗುಳಿಗೆ ನುಂಗಿ, "ಆರಾಮ್ ಅದೀನಲ್ಲ" ಎಂದು ಬಿಟ್ಟುಬಿಟ್ಟಿದ್ದರು.

ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ತಳ ಮುಟ್ಟಿತ್ತು. ಇಂಜೆಕ್ಷನ್ ಶುರು ಮಾಡಿದರು. ತೂರಾಟ ಹೋಯಿತು. ಬೆರಳುಗಳ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಕಾಕುವನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಆದರ ಹೆಸರು ಬ್ಯಾಡ" ಅಂದರು. ಬರೆಯಲು ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ವೈನಿಗೆ 33 ವರ್ಷ, ತೂಕ 90 ಕೆಜಿ, ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಫೋನಿನಲ್ಲಿ ಬಂದ ಒಂದು ವಿಡಿಯೋ ನೋಡಿ, ಬಂಗಾರ ಅಡವಿಟ್ಟು ಈ ಆಪರೇಷನ್ ಮಾಡಿಸಿಕೊಳ್ಳುವ ಲೆಕ್ಕ ಹಾಕಿದ್ದರು. ಅಣ್ಣನಿಗೆ ಮಾತ್ರ ಗೊತ್ತು, ಅವ್ವನಿಗೆ ಗೊತ್ತಿಲ್ಲ. "ನೀ ಪತ್ರಿಕೋದ್ಯಮ ಕಲ್ತವ ಅದೀ, ನೀನ ವಿಚಾರಿಸಿ ಹೇಳ" ಅಂದರು.

ವಿಚಾರಿಸಿದೆ. ಈ ಆಪರೇಷನ್ ಮೋಸವೂ ಅಲ್ಲ, ಪವಾಡವೂ ಅಲ್ಲ. ಕೆಲವರಿಗೆ ಇದು ನಿಜವಾಗಿ ಜೀವ ಉಳಿಸುತ್ತದೆ. ಆದರೆ ಜಾಹೀರಾತಿನಲ್ಲಿ ಆಪರೇಷನ್ ಆಗುವ ಒಂದು ದಿನದ ಮಾತಷ್ಟೇ ಇರುತ್ತದೆ. ಅಪಾಯದ ದೊಡ್ಡ ಪಾಲು ಇರುವುದು ಊರಿಗೆ ಬಂದ ಮೇಲಿನ ವರ್ಷಗಳಲ್ಲಿ. ಅದನ್ನು ಗುಟ್ಟಾಗಿ ಇಟ್ಟವರಿಗೆ ಆ ಅಪಾಯ ದುಪ್ಪಟ್ಟು.

ಕೊಬ್ಬು ತೆಗೆಸುವುದೇ ಬೇರೆ, ಇದೇ ಬೇರೆ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆಕೆಗೆ ಆಗಿನ್ನೂ 21 ವರ್ಷ. ಹೆತ್ತವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಅಂದಿನಿಂದ ನಮ್ಮ ಕಡೆ "ತೂಕದ ಆಪರೇಷನ್" ಅಂದರೆ ಎಲ್ಲರೂ ಅದನ್ನೇ ಅಂದುಕೊಳ್ಳುತ್ತಾರೆ.

ಎರಡೂ ಬೇರೆ ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಲೈಪೋಸಕ್ಷನ್. ಅದು ಮೈಯ ಆಕಾರ ತಿದ್ದುವ ಕೆಲಸ. ಅದರಿಂದ ಸಕ್ಕರೆ ಕಾಯಿಲೆ, ಬಿಪಿ ವಾಸಿಯಾಗುವುದಿಲ್ಲ, ಬೊಜ್ಜಿನ ರೋಗಕ್ಕೆ ಅದು ಚಿಕಿತ್ಸೆಯೂ ಅಲ್ಲ.

ಬೊಜ್ಜಿಗೆ ಮಾಡುವುದು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ಲೀವ್: ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಬಾಳೆಕಾಯಿಯಂಥ ಉದ್ದನೆಯ ಕೊಳವೆ ಮಾತ್ರ ಉಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಇನ್ನೊಂದು ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಸಣ್ಣ ಚೀಲ ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಕರುಳಿನ ಒಂದಿಷ್ಟು ದಾರಿಯನ್ನು ಬಿಟ್ಟು ಹೋಗುತ್ತದೆ. ಎರಡರಲ್ಲೂ ತಿನ್ನುವುದು ಕಡಿಮೆಯಾಗುತ್ತದೆ, ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ.

ಲಾಭ ಇದೆಯೇ? ಇದೆ. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಸುಮಾರು ಹನ್ನೊಂದು ವರ್ಷದಲ್ಲಿ ತೀರಿಕೊಂಡವರು, ಆಪರೇಷನ್ ಆಗದವರಲ್ಲಿ ನೂರಕ್ಕೆ 6.3, ಆದವರಲ್ಲಿ ನೂರಕ್ಕೆ 5. ಸಕ್ಕರೆ ಕಾಯಿಲೆ ಬಹಳ ಜನರಲ್ಲಿ ಹತೋಟಿಗೆ ಬರುತ್ತದೆ. ಹಾಗಾಗಿ "ದೇವರು ಕೊಟ್ಟ ಹೊಟ್ಟಿ ಯಾಕ ಕೊಯ್ಸ್ಕೋತಿ" ಎಂದು ಬೈದು ಕಳಿಸುವವರ ಸಾಲಿನಲ್ಲಿ ನಾನಿಲ್ಲ.

ಯಾರಿಗೆ ಈ ಆಪರೇಷನ್?

ಮದುವೆಗೆ ಮುಂಚೆ ಹತ್ತು ಕೆಜಿ ಇಳಿಸಬೇಕು ಎನ್ನುವವರಿಗೆ ಇದು ಅಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಲೆಕ್ಕಕ್ಕೆ ಬಿಎಂಐ ಅನ್ನುತ್ತಾರೆ. ನಮ್ಮ ದೇಶದಲ್ಲಿ ಬಹುಕಾಲ ಪಾಲಿಸಿದ ಅಳತೆ ಹೀಗಿದೆ: ಬಿಎಂಐ 37.5ಕ್ಕಿಂತ ಹೆಚ್ಚಿದ್ದರೆ, ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆ ಜೊತೆಗಿದ್ದು 32.5ಕ್ಕಿಂತ ಹೆಚ್ಚಿದ್ದರೆ ಆಪರೇಷನ್ ಯೋಚಿಸಬಹುದು. 2022ರಲ್ಲಿ ಅಂತರರಾಷ್ಟ್ರೀಯ ಸಂಘಟನೆಗಳು ಈ ಗೆರೆಯನ್ನು ಇನ್ನೂ ಕೆಳಗೆ ಇಳಿಸಿವೆ.

160 ಸೆಂಟಿಮೀಟರ್ ಎತ್ತರದವರಿಗೆ 37.5 ಅಂದರೆ 96 ಕೆಜಿ, 32.5 ಅಂದರೆ ಸುಮಾರು 83 ಕೆಜಿ. ವೈನಿಯ ಎತ್ತರ ಅಷ್ಟೇ. ತೂಕ 90, ಮೇಲೆ ಸಕ್ಕರೆ. ಲೆಕ್ಕದ ಪ್ರಕಾರ ಅವರು ಅರ್ಹರೇ. ಆದರೆ ಅರ್ಹರಾದ ಮಾತ್ರಕ್ಕೆ ತಯಾರಾಗಿದ್ದಾರೆ ಎಂದಲ್ಲ.

ಟೇಬಲ್ ಮೇಲಿನ ಅಪಾಯ

ಅಮೆರಿಕದಲ್ಲಿ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30 ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಸುಮಾರು ಮೂರು ಮಂದಿ. ಗಂಭೀರ ತೊಂದರೆ ಆದವರು ನೂರಕ್ಕೆ ಸುಮಾರು ನಾಲ್ಕು. ಇದು ಕಡಿಮೆಯೇ. ಆದರೆ ಇದು ಅನುಭವ ಇರುವ ದೊಡ್ಡ ಕೇಂದ್ರಗಳ ಲೆಕ್ಕ ಎಂಬುದನ್ನು ಮರೆಯಬಾರದು. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕ ಚೆನ್ನೈನಲ್ಲಿ ತೂಕದ ಆಪರೇಷನ್‌ಗೆ ಹೋಗಿ ತೀರಿಕೊಂಡಾಗ ತಮಿಳುನಾಡು ಸರ್ಕಾರ ತನಿಖೆ ಮಾಡಿಸಿತು. ಕಡಿಮೆ ಅಂದರೆ ಇಲ್ಲ ಎಂದಲ್ಲ.

ಮುಖ್ಯವಾಗಿ ಮೂರು ಅಪಾಯ. ಹೊಲಿದ ಜಾಗದಿಂದ ಹೊಟ್ಟೆಯೊಳಗೆ ಸೋರಿಕೆ, ರಕ್ತಸ್ರಾವ, ಮತ್ತು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂರುವುದು. ಸೋರಿಕೆ ಆಸ್ಪತ್ರೆಯಿಂದ ಬಂದ ಮೇಲೆಯೂ ಆಗಬಹುದು. ಅದಕ್ಕೇ ಮೊದಲ ತಿಂಗಳು ಎದೆ ಬಡಿತ ಜೋರಾದರೆ, ಜ್ವರ ಬಂದರೆ, ಹೊಟ್ಟೆ ಅಥವಾ ಎಡಭುಜದ ನೋವು ಹೆಚ್ಚಾದರೆ, ಉಸಿರು ಹತ್ತಿದರೆ, ಮೀನಖಂಡ ಊದಿದರೆ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿಯೇ ಹೊರಡಬೇಕು. ನಿಮ್ಮ ಊರಿನಿಂದ ಆ ಆಸ್ಪತ್ರೆಗೆ ರಾತ್ರಿ ಎರಡು ಗಂಟೆಗೆ ಹೋಗಲು ಎಷ್ಟು ಹೊತ್ತು ಬೇಕು, ಗಾಡಿ ಯಾರದು? ಇದನ್ನು ಆಪರೇಷನ್‌ಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಊರಿಗೆ ಬಂದ ಮೇಲಿನ ಅಪಾಯ

ನಗರದ ಆಸ್ಪತ್ರೆ ಕೊಡುವ ಕಾಗದದಲ್ಲಿ ಇವೆಲ್ಲ ಇರುತ್ತವೆ. ಆದರೆ ನಮ್ಮ ಊರಿನ ರೂಢಿಗಳ ಮುಂದೆ ಆ ಕಾಗದ ನಿಲ್ಲುವುದಿಲ್ಲ.

ಮೊದಲನೆಯದು ಗುಳಿಗೆ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಆಗಬೇಕು. ಬಿ12 ಹೀರಿಕೊಳ್ಳಲು ಜಠರದಲ್ಲಿ ತಯಾರಾಗುವ ಒಂದು ವಸ್ತು ಬೇಕು. ಜಠರವೇ ಕಡಿಮೆಯಾದರೆ ಆ ವಸ್ತುವೂ ಕಡಿಮೆ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಒಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ. ಕಾಕು "ಆರಾಮ್ ಅದೀನಿ" ಎಂದದ್ದು ಆ ದಾಸ್ತಾನಿನ ಬಲದ ಮೇಲೆ. ಹಾಲು, ಮೊಟ್ಟೆ, ಮಾಂಸ ಕಡಿಮೆ ತಿನ್ನುವ ಮನೆಗಳಲ್ಲಿ ಅದು ಬೇಗ ಬರಿದಾಗುತ್ತದೆ. ಇನ್ನು ಕಬ್ಬಿಣಾಂಶ: 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಮೊದಲೇ ರಕ್ತ ಕಡಿಮೆ ಇದ್ದವರು ಕಬ್ಬಿಣ ಹೀರುವ ದಾರಿಯನ್ನೂ ಕಿರಿದು ಮಾಡಿಕೊಂಡರೆ ಏನಾದೀತು ಎಂದು ನೀವೇ ಲೆಕ್ಕ ಹಾಕಿ.

ಎರಡನೆಯದು ನೋವಿನ ಗುಳಿಗೆ. ಕಳೆ ತೆಗೆದು ಬಂದರೆ ಒಂದು, ಸೊಂಟ ನೋವಿಗೆ ಒಂದು, ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಬೈಪಾಸ್ ಆದವರಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಿ, ರಕ್ತ ಸುರಿಸಿ, ತೂತೂ ಮಾಡಬಹುದು. ಬೀಡಿ, ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು.

ಮೂರನೆಯದು ಗ್ಲೂಕೋಸ್ ಬಾಟಲಿ. ಯಾರಿಗೆ ನಿಶ್ಶಕ್ತಿ ಆದರೂ "ಒಂದು ಬಾಟ್ಲಿ ಹಚ್ರಿ" ಎನ್ನುವುದು ನಮ್ಮ ಪದ್ಧತಿ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ವಾಂತಿ ನಿಲ್ಲುವುದಿಲ್ಲ. ವಾಂತಿ ಕೆಲವು ವಾರ ಮುಂದುವರಿದರೆ ಬಿ1 ವಿಟಮಿನ್ ಖಾಲಿಯಾಗುತ್ತದೆ. ಆ ಸ್ಥಿತಿಯಲ್ಲಿ ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ. ಬಾಟಲಿ ಹಚ್ಚುವವರಿಗೆ ಆಪರೇಷನ್ ಆದದ್ದೇ ಗೊತ್ತಿಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ನಾಲ್ಕನೆಯದು ಸಕ್ಕರೆ ಗುಳಿಗೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯಲು ಶುರುವಾಗುತ್ತದೆ. ಹಳೆಯ ಚೀಟಿ ನೋಡಿ ಅದೇ ಇನ್ಸುಲಿನ್, ಅದೇ ಗುಳಿಗೆ ಮುಂದುವರಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ಬವಳಿ ಬರುತ್ತದೆ.

ಐದನೆಯದು ಬಸಿರು. ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಆಪರೇಷನ್ ಆದ 12ರಿಂದ 18 ತಿಂಗಳು ಗರ್ಭ ಬೇಡ ಎನ್ನುತ್ತಾರೆ ವೈದ್ಯರು, ಏಕೆಂದರೆ ಆಗ ತಾಯಿಯ ಮೈಯಲ್ಲೇ ಪೋಷಣೆ ಇರುವುದಿಲ್ಲ. ಬೈಪಾಸ್ ಆದವರಲ್ಲಿ ಗರ್ಭ ತಡೆಯುವ ಗುಳಿಗೆ ಸರಿಯಾಗಿ ಕೆಲಸ ಮಾಡದೆಯೂ ಇರಬಹುದು. "ಮೈ ಇಳಿತಲ್ಲ, ಇನ್ನ ಲಗೂನ ಒಂದ್ ಕೂಸು" ಎನ್ನುವ ಅತ್ತೆಯರಿಗೆ ಇದನ್ನು ಯಾರು ಹೇಳಬೇಕು?

ಆರನೆಯದು ಊಟ. ಆ ಸಣ್ಣ ಚೀಲಕ್ಕೆ ನಾಲ್ಕು ತುತ್ತು ಸಾಕು. ನಿಧಾನ ಅಗಿಯಬೇಕು, ಮೊದಲು ಬೇಳೆ-ಕಾಳು, ಮೊಟ್ಟೆಯಂಥವು, ನೀರು ಬೇರೆ ಹೊತ್ತಿಗೆ. ಬೈಪಾಸ್ ಆದವರು ಹೋಳಿಗೆ, ಕಬ್ಬಿನಹಾಲು ಎಂದು ಸಿಹಿ ಹೆಚ್ಚು ತೆಗೆದುಕೊಂಡರೆ ಬೆವರು, ಎದೆ ಬಡಿತ, ಭೇದಿ ಒಟ್ಟಿಗೆ ಬರುತ್ತವೆ. ಗಂಡಸರಿಗೆ ಒಂದು ಮಾತು: ಬೈಪಾಸ್ ಆದ ಮೇಲೆ ಸಾರಾಯಿ ಬೇಗ ರಕ್ತಕ್ಕೆ ಸೇರುತ್ತದೆ, ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಇದಲ್ಲದೆ ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರಬಹುದು, ಚರ್ಮ ಜೋತು ಬೀಳಬಹುದು, ಸ್ಲೀವ್ ಆದವರಿಗೆ ಎದೆಯುರಿ ಹೆಚ್ಚಬಹುದು. ಹಳೆಯ ಊಟಕ್ಕೆ ಮರಳಿದರೆ ತೂಕವೂ ಮರಳಿ ಬರುತ್ತದೆ.

ನಾವು ಯಾಕೆ ಮುಚ್ಚಿಡುತ್ತೇವೆ

ಕಾಕು ಸುಳ್ಳು ಹೇಳಿದ್ದೇಕೆ ಎಂದು ಕೇಳಿದೆ. "ದಪ್ಪ ಇದ್ದಾಗ ಡ್ರಮ್ ಅಂದ್ರು. ಕೊಯ್ಸ್ಕೊಂಡೀನಿ ಅಂದಿದ್ರ, ತಿನ್ನೂದು ಬಿಡಾಕ ಆಗಲಿಲ್ಲ, ರೊಕ್ಕಾ ಕೊಟ್ಟು ಕೊಯ್ಸ್ಕೊಂಡ್ಲು ಅಂತಿದ್ರು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ, ಏಕೆಂದರೆ ಹಾಗೆ ಅನ್ನುತ್ತಿದ್ದವರಲ್ಲಿ ನಾವೂ ಇದ್ದೆವು.

ಅದೇ ಸಮೀಕ್ಷೆ ಹೇಳುವಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಹೆಚ್ಚು. ಇದು ಪೇಟೆಯವರ ಕಾಯಿಲೆ ಮಾತ್ರವಲ್ಲ. ಬೊಜ್ಜಿನಲ್ಲಿ ವಂಶದ ಪಾಲಿದೆ, ಹಾರ್ಮೋನಿನ ಪಾಲಿದೆ, ಕೆಲವು ಔಷಧಿಗಳ ಪಾಲಿದೆ. ಸೋಮಾರಿತನ ಎಂದು ಹಂಗಿಸಿದಷ್ಟೂ ಜನ ಗುಟ್ಟಾಗಿ ಹೋಗುತ್ತಾರೆ. ಗುಟ್ಟಾಗಿ ಹೋದವರು ಪ್ರಶ್ನೆ ಕೇಳುವುದಿಲ್ಲ, ಜೊತೆಗೆ ಯಾರನ್ನೂ ಕರೆದೊಯ್ಯುವುದಿಲ್ಲ, ತೊಂದರೆಯಾದರೆ ಬಾಯಿ ಬಿಡುವುದಿಲ್ಲ. ಈ ಅಪಾಯಕ್ಕೆ ಡಾಕ್ಟರ್ ಕಾರಣರಲ್ಲ, ನಾವು ಕಾರಣ.

ಆಸ್ಪತ್ರೆಗಳ ಪಾಲೂ ಇದೆ. ಸೂಜಿಯಷ್ಟು ರಂಧ್ರ, ಮೂರು ದಿನದಲ್ಲಿ ಮನೆಗೆ, ಕಂತಿನಲ್ಲಿ ಹಣ ಎನ್ನುವ ಜಾಹೀರಾತು ಕನ್ನಡದಲ್ಲಿ ಬರುತ್ತದೆ. ಸಹಿ ಹಾಕಿಸುವ ಒಪ್ಪಿಗೆ ಪತ್ರ ಮಾತ್ರ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಇರುತ್ತದೆ. ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿ ಏನಿದೆ ಎಂದು ರೋಗಿಗೆ ಅರ್ಥವಾಗುವಂತೆ ಹೇಳಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಓದಿ ಹೇಳಿ ಎನ್ನಿ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಸ್ಪತ್ರೆ ನೋಂದಣಿಯಾಗಿರಲೇಬೇಕು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು.

ಕೇಳಿ ಬರಬೇಕಾದ ಪ್ರಶ್ನೆಗಳು

ವೈನಿಯ ಜೊತೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಇವನ್ನು ಬರೆದೆವು. ನಿಮಗೂ ಬೇಕಾಗಬಹುದು.

1. ಸ್ಲೀವೋ ಬೈಪಾಸೋ? ನನಗೆ ಇದೇ ಏಕೆ? ಆಪರೇಷನ್ ಇಲ್ಲದೆ ಇನ್ನೇನು ಮಾಡಬಹುದು?

2. ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಸೋರಿಕೆ ಎಷ್ಟು ಜನರಿಗಾಗಿದೆ? ಇಲ್ಲಿ ಐಸಿಯು ಇದೆಯೇ?

3. ಮುಂಚೆ ರಕ್ತ, ಹೃದಯ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ಪರೀಕ್ಷೆ, ಎಂಡೋಸ್ಕೋಪಿ ಯಾವುದು ಮಾಡುತ್ತೀರಿ?

4. ಮೊದಲ ವರ್ಷ ಎಷ್ಟು ಸಲ ಬರಬೇಕು? ಗುಳಿಗೆ ಮತ್ತು ರಕ್ತ ಪರೀಕ್ಷೆಗೆ ವರ್ಷಕ್ಕೆ ಎಷ್ಟು ಖರ್ಚು?

5. ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಯಾರು ಎತ್ತುತ್ತಾರೆ?

6. ಮತ್ತೆ ಆಪರೇಷನ್ ಬೇಕಾದರೆ ಆ ಹಣ ಈ ಪ್ಯಾಕೇಜಿನಲ್ಲಿ ಸೇರಿದೆಯೇ?

ವಿಮೆಯ ಬಗ್ಗೆಯೂ ಮೊದಲೇ ವಿಚಾರಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಮಾತಿನಲ್ಲಿ ಬಿಎಂಐ 40, ಅಥವಾ ಗಂಭೀರ ಕಾಯಿಲೆ ಜೊತೆಗಿದ್ದು 35 ಇರಬೇಕು, ಬೇರೆ ದಾರಿ ಸೋತಿರಬೇಕು. ಅಂದರೆ ಡಾಕ್ಟರ್ "ಮಾಡಬಹುದು" ಎಂದರೂ ವಿಮೆ ಕಂಪನಿ "ಕೊಡುವುದಿಲ್ಲ" ಎನ್ನಬಹುದು. ಬಂಗಾರ ಅಡವಿಡುವ ಮುಂಚೆ ಇದು ಗೊತ್ತಿರಬೇಕು. ಆಪರೇಷನ್ ಹಣಕ್ಕಷ್ಟೇ ಅಲ್ಲ, ಆಮೇಲಿನ ಗುಳಿಗೆ, ಪರೀಕ್ಷೆ, ಬಸ್ ಚಾರ್ಜಿಗೂ ದುಡ್ಡು ಉಳಿಯದಿದ್ದರೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ನೋಟ್‌ಬುಕ್ ಹಿಡಿದು ಹೋದ ತಿಂಗಳು ಒಬ್ಬ ಸರ್ಜನ್ ಬಳಿ ಹೋದೆವು. ಅವರು ಸಿಟ್ಟಾಗಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟು, ರಕ್ತ ಪರೀಕ್ಷೆ ಮಾಡಿಸಿದರು. ವೈನಿಯ ಹಿಮೋಗ್ಲೋಬಿನ್ 8.9 ಇತ್ತು. "ಮೊದಲು ಇದನ್ನು ಸರಿಮಾಡಿ. ಆಹಾರ ತಜ್ಞರು ಹೇಳಿದ ಹಾಗೆ ಮೂರು ತಿಂಗಳು ಊಟ ಮಾಡಿ ನೋಡಿ. ಆಮೇಲೆ ಬನ್ನಿ, ಆಗಲೂ ಬೇಕೆನಿಸಿದರೆ ಮಾತಾಡೋಣ" ಅಂದರು. ಪ್ರಶ್ನೆ ಕೇಳಿದರೆ ಗದರುವ, ಇವತ್ತೇ ಮುಂಗಡ ಕಟ್ಟಿ ಎನ್ನುವ ಕಡೆ ನಿಲ್ಲಬೇಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ವೈನಿ ಬಹಳ ಹೊತ್ತು ಸುಮ್ಮನಿದ್ದರು. ಮನೆಗೆ ಬಂದವರೇ ಅವ್ವನ ಮುಂದೆ ಕೂತು ಎಲ್ಲ ಹೇಳಿದರು. ಅವ್ವ ಮೊದಲು ಗಾಬರಿಯಾದಳು, ಆಮೇಲೆ ಬೈದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಗುಳಿಗಿ ದಿನಾ ತಗೋಬೇಕಂತಲ್ಲ, ಯಾ ಹೊತ್ತಿಗೆ? ನಾನೂ ನೆನಪ್ ಮಾಡ್ತೀನಿ ತಗೋ."

ಆಪರೇಷನ್ ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ಆದರೂ ವೈನಿ ಅದನ್ನು ಪಿತ್ತಕೋಶದ ಕಲ್ಲು ಎಂದು ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಆಪರೇಷನ್ ಮಾಡಿಸಿಕೊಂಡಿದ್ದರೆ ಬೈಯಬೇಡಿ, ನಗಬೇಡಿ. ಕೊನೆಯ ಬಾರಿ ಬಿ12 ಪರೀಕ್ಷೆ ಯಾವಾಗ ಆಯಿತು ಎಂದು ಇವತ್ತೇ ಕೇಳಿ.